ಆಂಡ್ರಾಯ್ಡಾ, ಐಫೋನಾ? ಮಾಡೆಲ್ ಹೆಸರು ಕೊನೆಗೆ ಬರಲಿ

ಎರಡು ಫೋನಿನ ಚಿತ್ರ ಕಳಿಸಿ "ಇದರಲ್ಲಿ ಯಾವುದು ತಗೊಳ್ಳಲಿ?" ಅಂತ ಕೇಳುವವರಿಗೆ ನಾನು ಬಹಳ ದಿನ ಒಂದೇ ಸಾಲಿನ ಉತ್ತರ ಕೊಡುತ್ತಿದ್ದೆ. ಮೂರು ತಿಂಗಳಾದ ಮೇಲೆ ಅವರೇ ವಾಪಸ್ ಬರುತ್ತಿದ್ದರು. ಸ್ಟೋರೇಜ್ ತುಂಬಿದೆ. ಮನೆಯೊಳಗೆ ಸಿಗ್ನಲ್ ಇಲ್ಲ. ವಾಟ್ಸಾಪ್‌ನ ಹಳೇ ಮೆಸೇಜೆಲ್ಲ ಹೋಯ್ತು. ಅಂಗಡಿಯ ಬೆರಳಚ್ಚು ಮಷೀನು ಇದಕ್ಕೆ ಕನೆಕ್ಟ್ ಆಗ್ತಿಲ್ಲ. ಆ ಎರಡರಲ್ಲಿ ಯಾವ ಫೋನ್ ತಗೊಂಡಿದ್ದರೂ ಈ ತೊಂದರೆ ತಪ್ಪುತ್ತಿರಲಿಲ್ಲ. ಮೊದಲು ನೋಡಬೇಕಾದ್ದನ್ನು ನೋಡದೆ ಮಾಡೆಲ್ ಆರಿಸಿದ್ದರು, ಅಷ್ಟೇ.

ಹಾಗಾಗಿ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಯಾವ ಹಂತವನ್ನೂ ಹಿಂದು ಮುಂದು ಮಾಡಬೇಡಿ.

ಬೇಕಾಗುವ ಸಾಮಾನು

ಒಂದು ಹಾಳೆ, ಪೆನ್ನು. ಈಗ ಬಳಸುತ್ತಿರುವ ಫೋನು. ಗೂಗಲ್ ಅಥವಾ ಆಪಲ್ ಖಾತೆಯ ಪಾಸ್‌ವರ್ಡ್. ಇದು ನೆನಪಿಲ್ಲದಿದ್ದರೆ ಇವತ್ತೇ ಸರಿಮಾಡಿಕೊಳ್ಳಿ, ಹೊಸ ಫೋನ್ ಬಂದ ದಿನ ಅಲ್ಲ. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಒಂದು ಗಂಟೆ, ಅಂಗಡಿಯಲ್ಲಿ ಅರ್ಧ ಗಂಟೆ ಬೇಕು.

ಹಂತ 1: ಹಳೇ ಫೋನನ್ನು ವಿಚಾರಿಸಿ

ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೋರೇಜ್ ತೆರೆಯಿರಿ. ಎಷ್ಟು ಜಿಬಿ ಖರ್ಚಾಗಿದೆ ಅಂತ ಹಾಳೆಯಲ್ಲಿ ಬರೆಯಿರಿ. ಈ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಹೊಸ ಫೋನಿನಲ್ಲಿ ಕನಿಷ್ಠ ಅಷ್ಟು ಜಾಗ ಇರಬೇಕು. ಈಗ 90 ಜಿಬಿ ಬಳಸಿದ್ದರೆ 128 ಜಿಬಿಯ ಫೋನು ಒಂದೇ ವರ್ಷದಲ್ಲಿ ಉಸಿರು ಕಟ್ಟುತ್ತದೆ, 256 ತಗೊಳ್ಳಿ. ಐಫೋನಿಗೆ ಮೆಮೊರಿ ಕಾರ್ಡ್ ಹಾಕುವ ಜಾಗವೇ ಇಲ್ಲ. ಈಚಿನ ಆಂಡ್ರಾಯ್ಡ್ ಫೋನುಗಳಲ್ಲೂ ಅದು ಕಡಿಮೆಯಾಗುತ್ತಿದೆ. "ಆಮೇಲೆ ಕಾರ್ಡ್ ಹಾಕ್ಕೊಂಡ್ರಾಯ್ತು" ಅಂದುಕೊಂಡು ಮೋಸ ಹೋಗಬೇಡಿ.

ಆಮೇಲೆ ಬ್ಯಾಟರಿ ವಿಭಾಗ ನೋಡಿ. ದಿನದಲ್ಲಿ ಯಾವ ಆ್ಯಪ್ ಎಷ್ಟು ತಿನ್ನುತ್ತದೆ ಅಂತ ಅಲ್ಲಿ ಕಾಣುತ್ತದೆ. ಮೊದಲ ನಾಲ್ಕು ಆ್ಯಪ್ ಬರೆದುಕೊಳ್ಳಿ. ನೀವು ಫೋನನ್ನು ನಿಜವಾಗಿ ಯಾವುದಕ್ಕೆ ಬಳಸುತ್ತೀರಿ ಅನ್ನುವುದು ಅಲ್ಲಿರುತ್ತದೆ. ಗೇಮ್ ಆಡದವರೂ "ಗೇಮಿಂಗ್‌ಗೆ ಚೆನ್ನಾಗಿರೋದು ಹೇಳಿ" ಅನ್ನುತ್ತಾರೆ.

ಕೊನೆಗೆ ಒಂದು ಪ್ರಶ್ನೆ: ಫೋನ್ ಯಾಕೆ ಬದಲಿಸುತ್ತಿದ್ದೀರಿ? ಉತ್ತರ "ಚಾರ್ಜ್ ನಿಲ್ಲಲ್ಲ" ಅನ್ನುವುದೊಂದೇ ಆಗಿದ್ದು, ಫೋನಿಗೆ ಇನ್ನೂ ಅಪ್‌ಡೇಟ್ ಬರುತ್ತಿದ್ದರೆ, ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಿಸಿಕೊಳ್ಳಿ. ಹೊಸ ಫೋನಿನ ಬೆಲೆಯ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಈ ಬರಹ ಮುಂದೆ ಓದುವ ಅಗತ್ಯವೂ ಇಲ್ಲ.

ಹಂತ 2: ಬಿಡಲಾಗದ ಕೆಲಸಗಳ ಪಟ್ಟಿ

ಹಾಳೆಯ ಇನ್ನೊಂದು ಬದಿಯಲ್ಲಿ, ಫೋನಿನಲ್ಲಿ ಆಗಲೇಬೇಕಾದ ಕೆಲಸಗಳನ್ನು ಬರೆಯಿರಿ. ಯೂಟ್ಯೂಬ್, ವಾಟ್ಸಾಪ್, ಯುಪಿಐ ಬರೆಯುವುದು ಬೇಡ. ಅವು ಎರಡೂ ಕಡೆ ಇವೆ. ಒಂದು ಕಡೆ ಸಿಕ್ಕು ಇನ್ನೊಂದು ಕಡೆ ಸಿಗದಿರಬಹುದಾದವು ಮಾತ್ರ ಬೇಕು:

- ಸರ್ಕಾರಿ ಆ್ಯಪ್‌ಗಳು. ರೈತರು ತಮ್ಮ ಬೆಳೆ ವಿವರ ತಾವೇ ಸೇರಿಸುವ ಬೆಳೆ ಸಮೀಕ್ಷೆ ಆ್ಯಪ್ ಒಂದು ಉದಾಹರಣೆ. ಇಂಥವು ಸಾಮಾನ್ಯವಾಗಿ ಪ್ಲೇ ಸ್ಟೋರ್ ನೆಚ್ಚಿಕೊಂಡು ಬರುತ್ತವೆ. ಐಫೋನ್ ಯೋಚನೆ ಇದ್ದರೆ, ಐಫೋನ್ ಇರುವವರ ಕೈಲಿ ಆ್ಯಪ್ ಸ್ಟೋರ್‌ನಲ್ಲಿ ಅದೇ ಹೆಸರು ಹುಡುಕಿಸಿ.
- ಆಧಾರ್ ಬೆರಳಚ್ಚು ಮಷೀನು, ಬಿಲ್ ಪ್ರಿಂಟರ್. ಕೇಬಲ್ ಚುಚ್ಚಿ ಬಳಸುವ ಬೆರಳಚ್ಚು ಸಾಧನ ಇಟ್ಟುಕೊಂಡು ಹಳ್ಳಿಯಲ್ಲಿ ಹಣ ಬಿಡಿಸಿಕೊಡುವವರು ಆಂಡ್ರಾಯ್ಡ್ ಬಿಟ್ಟು ಕದಲಬೇಡಿ.
- ವಾಚು. ಆಪಲ್ ವಾಚ್ ಐಫೋನಿಗೆ ಮಾತ್ರ ಜೊತೆ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಮತ್ತು ನಂತರದವು ಆಂಡ್ರಾಯ್ಡಿಗೆ ಮಾತ್ರ.
- ಶುಗರ್ ನೋಡುವ ಸೆನ್ಸರ್, ಕಿವಿಯ ಮಷೀನು. ಇವುಗಳ ಡಬ್ಬಿಯ ಮೇಲೆ ಯಾವ ಫೋನಿಗೆ ಹೊಂದುತ್ತದೆ ಅಂತ ಬರೆದಿರುತ್ತದೆ. ಮನೆಯಲ್ಲಿ ಯಾರಿಗಾದರೂ ಇದು ಬೇಕಿದ್ದರೆ ಪಟ್ಟಿಯ ಮೊದಲ ಸಾಲೇ ಇದಾಗಲಿ.
- ಕಾಲ್ ರೆಕಾರ್ಡಿಂಗ್. ವ್ಯಾಪಾರದ ಆರ್ಡರನ್ನು ಫೋನಿನಲ್ಲೇ ತಗೊಳ್ಳುವವರಿಗೆ ಇದು ದೊಡ್ಡ ವಿಷಯ. ಐಫೋನಿನಲ್ಲಿ 2024ರ ಐಒಎಸ್ (ಐಫೋನ್ ನಡೆಸುವ ತಂತ್ರಾಂಶ) 18.1ರಿಂದ ಇದು ಬಂದಿದೆ. ಆದರೆ ರೆಕಾರ್ಡ್ ಆಗುತ್ತಿದೆ ಅಂತ ಇಬ್ಬರಿಗೂ ಕೇಳುವ ಹಾಗೆ ಹೇಳಿಯೇ ಶುರುಮಾಡುತ್ತದೆ. ಗೂಗಲ್‌ನ ಡಯಲರ್ (ಕಾಲ್ ಮಾಡುವ ಆ್ಯಪ್) ಇರುವ ಆಂಡ್ರಾಯ್ಡ್ ಫೋನುಗಳೂ ಹಾಗೇ. ರೆಕಾರ್ಡ್ ಮಾಡುವುದಿದ್ದರೆ ಎದುರಿನವರಿಗೆ ತಿಳಿಸಿಯೇ ಮಾಡಿ.

ಆಫೀಸು ಕೊಡುವ ಇಮೇಲ್, ಹಾಜರಿ ಆ್ಯಪ್ ಇದ್ದರೆ ನಿಮ್ಮ ಐಟಿಯವರನ್ನು ಒಂದು ಮಾತು ಕೇಳಿ. ಅಷ್ಟು ಸಾಕು.

ಹಂತ 3: ಆಪರೇಟಿಂಗ್ ಸಿಸ್ಟಮ್ ತೀರ್ಮಾನ

ಹಂತ 2ರ ಪಟ್ಟಿಯೇ ಕೆಲವರಿಗೆ ಉತ್ತರ ಕೊಟ್ಟುಬಿಡುತ್ತದೆ. ಉಳಿದವರು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

*ಕೆಟ್ಟರೆ, ತಿಳಿಯದಿದ್ದರೆ ಯಾರನ್ನು ಕೇಳುತ್ತೀರಿ?* ನನ್ನ ಲೆಕ್ಕದಲ್ಲಿ ಇದೇ ಮೊದಲ ಪ್ರಶ್ನೆ. ಅಮ್ಮನಿಗೆ ಫೋನ್ ಕೊಡಿಸುತ್ತಿದ್ದರೆ, ಅಮ್ಮ ದಿನಾ "ಇದು ಹೆಂಗೆ ಮಾಡೋದೋ" ಅಂತ ಕೇಳುವ ಮಗನೋ ಪಕ್ಕದ ಮನೆ ಹುಡುಗಿಯೋ ಯಾವುದು ಬಳಸುತ್ತಾರೋ ಅದೇ ಇರಲಿ. ಅಮೆರಿಕದಲ್ಲಿರುವ ಮಗಳು ಪ್ರೀತಿಯಿಂದ ಐಫೋನ್ ತಂದುಕೊಡುತ್ತಾಳೆ, ಊರಲ್ಲಿ ಸುತ್ತಮುತ್ತ ಎಲ್ಲರದ್ದೂ ಆಂಡ್ರಾಯ್ಡ್. ಒಂದು ಸಣ್ಣ ಸೆಟ್ಟಿಂಗ್ ತಪ್ಪಿದರೂ ಆ ಫೋನು ರಾತ್ರಿ ಹತ್ತರ ವಿಡಿಯೋ ಕಾಲಿಗೆ ಕಾಯುತ್ತಾ ಕೂರುತ್ತದೆ.

*ರಿಪೇರಿ ಎಲ್ಲಿ?* ಬೆಂಗಳೂರಿನ ಹೆಬ್ಬಾಳದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಆಪಲ್‌ನ ಸ್ವಂತ ಮಳಿಗೆ ತೆರೆಯಿತು. ರಾಯಚೂರಿನವರಿಗೆ ಅದರಿಂದ ಏನು ಬಂತು? ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ, ಅಧಿಕೃತ ಸರ್ವಿಸ್ ಸೆಂಟರ್ ಎಷ್ಟು ದೂರ ಅಂತ ನೋಡಿ. ಬಸ್ಸಿನಲ್ಲಿ ಹೋಗಿ ಒಂದೇ ದಿನದಲ್ಲಿ ವಾಪಸ್ ಬರುವಷ್ಟು ದೂರದಲ್ಲಿ ಇರಬೇಕು. ಆಂಡ್ರಾಯ್ಡಿನಲ್ಲೂ ಈ ತೊಂದರೆ ಇದೆ. ಆನ್‌ಲೈನಿನಲ್ಲಿ ಮಾತ್ರ ಮಾರುವ ಕೆಲವು ಬ್ರ್ಯಾಂಡುಗಳಿಗೆ ಜಿಲ್ಲಾ ಕೇಂದ್ರದಲ್ಲೂ ಸರ್ವಿಸ್ ಇರುವುದಿಲ್ಲ.

*ಕನ್ನಡ ಎಷ್ಟು ಬೇಕು?* ಟೈಪ್ ಮಾಡುವುದು ಎರಡರಲ್ಲೂ ಆಗುತ್ತದೆ. ಆಂಡ್ರಾಯ್ಡಿನಲ್ಲಿ ಆಯ್ಕೆ ಜಾಸ್ತಿ. ಬೇರೆ ಬೇರೆ ವಿನ್ಯಾಸದ ಕೀಬೋರ್ಡುಗಳು, ಮಾತಾಡಿದರೆ ಬರೆದುಕೊಳ್ಳುವ ಜೀಬೋರ್ಡ್ ಅನ್ನುವ ಗೂಗಲ್ ಕೀಬೋರ್ಡು. ಇಂಗ್ಲಿಷ್ ಮೆನು ಓದಲು ಕಷ್ಟಪಡುವ ಹಿರಿಯರಿಗೆ ಕೊಡುವುದಿದ್ದರೆ, ಅಂಗಡಿಯಲ್ಲೇ ಭಾಷೆಯ ಪಟ್ಟಿ ತೆರೆದು, ಕನ್ನಡ ಆರಿಸಿ, ಎರಡು ಮೆನು ಒಳಗೆ ಹೋಗಿ ನೋಡಿ.

*ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?* ಐದಾರು ವರ್ಷ ಅನ್ನುವವರಿಗೆ ಹಿಂದೆ ಐಫೋನೊಂದೇ ದಾರಿಯಾಗಿತ್ತು. 2019ರ ಐಫೋನ್ 11ಕ್ಕೆ 2025ರ ಐಒಎಸ್ 26 ಬಂದಿದೆ. (18 ಆದ ಮೇಲೆ ನೇರ 26. ನಡುವಿನವು ಕಳೆದುಹೋಗಿಲ್ಲ, ಹೆಸರಿಡುವ ಲೆಕ್ಕ ಬದಲಾಯಿತು.) ಈಗ ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ ಮುಂದೆ 7 ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟಿದ್ದಾರೆ. ಗ್ಯಾಲಕ್ಸಿ ಎ16ರಂಥ ಕಡಿಮೆ ಬೆಲೆಯ ಫೋನಿಗೂ 6 ವರ್ಷ ಇದೆ. ಉಳಿದ ಎಷ್ಟೋ ಅಗ್ಗದ ಫೋನುಗಳಿಗೆ ಎರಡು ವರ್ಷ ಬಂದರೆ ಪುಣ್ಯ.

ನನ್ನ ಅಭಿಪ್ರಾಯ ಕೇಳಿದರೆ: ಮೂವತ್ತು ಸಾವಿರದೊಳಗೆ ಆಂಡ್ರಾಯ್ಡ್, ಯೋಚನೆಯೇ ಬೇಡ. ಆ ದುಡ್ಡಿಗೆ ಸಿಗುವುದು ನಾಲ್ಕೈದು ವರ್ಷ ಹಳೆಯ ಐಫೋನ್. ಅದರ ಬ್ಯಾಟರಿ ಸೋತಿರುತ್ತದೆ, ಅಪ್‌ಡೇಟು ಮುಗಿಯುತ್ತಾ ಬಂದಿರುತ್ತದೆ. ಹಿಂದಿನ ಸೇಬಿನ ಗುರುತಿಗೆ ಅಷ್ಟು ಕೊಡಬೇಡಿ. ಅರವತ್ತು ಸಾವಿರ ದಾಟಿದ ಮೇಲೆ ಎರಡೂ ಚೆನ್ನಾಗಿವೆ. ಅಲ್ಲಿ ಮೇಲಿನ ಮೊದಲೆರಡು ಪ್ರಶ್ನೆಯೇ ತೀರ್ಮಾನ ಮಾಡಲಿ.

ಹಂತ 4: ನಿಮ್ಮ ಊರಿನ ನೆಟ್‌ವರ್ಕಿಗೆ ಹೊಂದುತ್ತದಾ?

ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ತೀರ್ಥಹಳ್ಳಿ ಕಡೆ ಚಿಕ್ಕಪ್ಪನಿಗೆ ಒಂದು ಫೋನ್ ಕೊಡಿಸಿದೆ. ಬೆಂಗಳೂರಿನಲ್ಲಿ ಕೊಂಡೆ, ಬೆಂಗಳೂರಿನಲ್ಲೇ ಎರಡು ದಿನ ಪರೀಕ್ಷೆ ಮಾಡಿದೆ, ಎಲ್ಲ ಸರಿಯಾಗಿತ್ತು. ಅವರ ಮನೆಗೆ ಬರುವುದು ಬಿಎಸ್‌ಎನ್‌ಎಲ್ ಒಂದೇ. ಹಳೇ ಫೋನಿಗೆ ಜಗಲಿಯಲ್ಲಿ ಕೂತರೆ ಸಿಗುತ್ತಿದ್ದ 4ಜಿ, ಹೊಸದಕ್ಕೆ ಬೇಕೆಂದರೆ ತೋಟದ ದಿಬ್ಬ ಹತ್ತಬೇಕಾಯಿತು. ಮುಂದಿನ ಸಲ ಹೋದಾಗ ಚಿಕ್ಕಪ್ಪ ಬೇಜಾರಿಲ್ಲದೆ ಹೇಳಿದರು: "ಫೋಟೋ ಚೆನ್ನಾಗಿ ಬರ್ತದೆ ಮಾರಾಯ. ಮಾತಾಡಕ್ಕೆ ಹಳೇದೇ ಇಟ್ಕಂಡಿದೀನಿ."

ಕಾರಣ ಇಷ್ಟೇ. ಸಿಗ್ನಲ್ ಬರುವ ಒಂದೊಂದು ಅಲೆಯ ಪಟ್ಟಿಗೆ ಬ್ಯಾಂಡ್ ಅನ್ನುತ್ತಾರೆ, ಅದಕ್ಕೊಂದು ಸಂಖ್ಯೆ ಇರುತ್ತದೆ. ಬಿಎಸ್‌ಎನ್‌ಎಲ್ 4ಜಿ ಓಡುವುದು ಮುಖ್ಯವಾಗಿ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28ರಲ್ಲಿ, ಮತ್ತು 2100, ಅಂದರೆ ಬ್ಯಾಂಡ್ 1ರಲ್ಲಿ. 700ರ ಅಲೆ ದೂರ ಹೋಗುತ್ತದೆ, ಗೋಡೆ ಮರ ದಾಟಿ ಬರುತ್ತದೆ. ನಾನು ಕೊಡಿಸಿದ ಫೋನಿನಲ್ಲಿ 4ಜಿಯ ಬ್ಯಾಂಡ್ 28 ಇರಲೇ ಇಲ್ಲ. 5ಜಿಯ ಎನ್28 ಇತ್ತು. ಎರಡೂ ಒಂದೇ ಅಂದುಕೊಂಡೆ. ಒಂದೇ ಅಲ್ಲ.

ನೀವು ಮಾಡಬೇಕಾದ್ದು: ಕಂಪನಿಯ ವೆಬ್‌ಸೈಟಿನಲ್ಲಿ ಫೋನಿನ ವಿವರದ ಪುಟ ತೆರೆದು ನೆಟ್‌ವರ್ಕ್ ಅನ್ನುವ ಭಾಗಕ್ಕೆ ಹೋಗಿ. ಭಾರತದ ಪುಟವೇ ಆಗಿರಲಿ. ಒಂದೇ ಹೆಸರಿನ ಫೋನಿಗೆ ದೇಶದಿಂದ ದೇಶಕ್ಕೆ ಬ್ಯಾಂಡ್ ಬೇರೆ ಇರುತ್ತದೆ. 4ಜಿಗೆ ಒಂದು ಸಾಲು, 5ಜಿಗೆ ಒಂದು ಸಾಲು ಇರುತ್ತದೆ.

- ಜಿಯೋ: 4ಜಿಯಲ್ಲಿ 3, 5, 40. 5ಜಿಯಲ್ಲಿ ಎನ್28, ಎನ್78. ಜಿಯೋ 5ಜಿ 4ಜಿಯ ಆಸರೆ ಇಲ್ಲದ ಪೂರ್ತಿ ಸ್ವತಂತ್ರ (ಸ್ಟ್ಯಾಂಡ್ ಅಲೋನ್) ಜಾಲ. ಹಾಗಾಗಿ ಫೋನಿನ ವಿವರದಲ್ಲಿ 'ಎಸ್ಎ' ಅಂತ ಇರಲೇಬೇಕು.
- ಏರ್‌ಟೆಲ್: 4ಜಿಯಲ್ಲಿ 1, 3, 8, 40. 5ಜಿಗೆ ಎನ್78 ಮುಖ್ಯ.
- ಬಿಎಸ್‌ಎನ್‌ಎಲ್: 4ಜಿಯಲ್ಲಿ 28 ಮತ್ತು 1.

ವಿದೇಶದಿಂದ ತರಿಸುವವರಿಗೆ ಇನ್ನೊಂದು ಎಚ್ಚರಿಕೆ. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ನಂತರದವಕ್ಕೆ ಸಿಮ್ ಹಾಕುವ ಟ್ರೇ ಇಲ್ಲ, ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಮಾತ್ರ. ಐಫೋನ್ 17ರಿಂದ ದುಬೈ, ಸೌದಿ, ಕತಾರ್, ಕುವೈತ್‌ನಲ್ಲಿ ಮಾರುವವೂ ಹಾಗೇ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಗಲ್ಫಿನಿಂದ ಬರುವ ಫೋನು ಹೊಸ ಸಂಗತಿಯಲ್ಲ, ಆದರೆ ಇದು ಹೊಸ ತೊಡಕು. ತರಿಸುವ ಮುಂಚೆ ನಿಮ್ಮ ಸಿಮ್ ಕಂಪನಿಯ ಮಳಿಗೆಯಲ್ಲಿ ಇ-ಸಿಮ್ ಮಾಡಿಕೊಡುತ್ತಾರಾ ಕೇಳಿ. ಅಲ್ಲಿನ ಮೊಬೈಲ್ ಕಂಪನಿಗೆ ಲಾಕ್ ಆದ ಫೋನು ಇಲ್ಲಿ ಬರೀ ಕ್ಯಾಮೆರಾ. ಐಫೋನಿನ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ 'ಕ್ಯಾರಿಯರ್ ಲಾಕ್' ಎದುರು 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇರುವ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ.

ಹಂತ 5: ಬಜೆಟ್, ವರ್ಷದ ಲೆಕ್ಕದಲ್ಲಿ

ಫೋನಿನ ಬೆಲೆಯನ್ನು ಇನ್ನು ಎಷ್ಟು ವರ್ಷ ಅಪ್‌ಡೇಟ್ ಬಾಕಿ ಇದೆಯೋ ಅದರಿಂದ ಭಾಗಿಸಿ. 18,000ದ ಫೋನಿಗೆ ಎರಡು ವರ್ಷ ಬಾಕಿ ಇದ್ದರೆ ವರ್ಷಕ್ಕೆ 9,000. 27,000ದ ಫೋನಿಗೆ ಆರು ವರ್ಷ ಬಾಕಿ ಇದ್ದರೆ ವರ್ಷಕ್ಕೆ 4,500. ಅಗ್ಗ ಅಂದುಕೊಂಡಿದ್ದು ಎರಡರಷ್ಟು ದುಬಾರಿ.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಅಪ್‌ಡೇಟ್ ವರ್ಷ ಎಣಿಸುವುದು ಫೋನು ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ದೀಪಾವಳಿ ಸೇಲಿನಲ್ಲಿ ಅರ್ಧ ಬೆಲೆಗೆ ಸಿಗುವ ಫೋನು ಬಿಡುಗಡೆಯಾಗಿ ಎಷ್ಟು ಕಾಲವಾಯಿತು ಅಂತ ಮೊದಲು ನೋಡಿ.

ಬಜೆಟಿನಲ್ಲಿ ಕವರು, ಟೆಂಪರ್ಡ್ ಗ್ಲಾಸು, ಚಾರ್ಜರಿಗೂ ಜಾಗ ಇಡಿ. 2020ರ ಐಫೋನ್ 12ರಿಂದ ಆಪಲ್ ಡಬ್ಬಿಯಲ್ಲಿ ಚಾರ್ಜರ್ ಇಡುತ್ತಿಲ್ಲ, ಬೇರೆಯವರೂ ಅದೇ ದಾರಿ ಹಿಡಿದಿದ್ದಾರೆ. ಡಿಸ್‌ಪ್ಲೇ ಬದಲಿಸಲು ಎಷ್ಟಾಗುತ್ತದೆ ಅಂತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ. ಫೋನಿನ ಅರ್ಧ ಬೆಲೆ ಹೇಳಿದರೆ, ಮಕ್ಕಳಿರುವ ಮನೆಗೆ ಆ ಫೋನ್ ಬೇಡ.

'ನೋ ಕಾಸ್ಟ್ ಇಎಂಐ' ಪೂರ್ತಿ ಪುಕ್ಕಟೆಯಲ್ಲ. ಬಡ್ಡಿಯಷ್ಟು ರಿಯಾಯಿತಿ ಕೊಟ್ಟು ಸರಿದೂಗಿಸುತ್ತಾರೆ, ಆದರೆ ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮ ತಲೆಗೇ.

ಹಂತ 6: ಈಗ ಮೂರು ಮಾಡೆಲ್ ಆರಿಸಿ

ಮೂರೇ. ಹತ್ತು ಬೇಡ. ವಿವರದ ಪಟ್ಟಿ ಓದುವಾಗ ಯಾವುದನ್ನು ನೋಡಬೇಕು, ಯಾವುದನ್ನು ದಾಟಿ ಹೋಗಬೇಕು ಅನ್ನುವುದು ಮುಖ್ಯ.

ರ‍್ಯಾಮ್ '8+8 ಜಿಬಿ' ಅಂತ ಬರೆದಿದ್ದರೆ ಅದು 16 ಅಲ್ಲ, 8. ಇನ್ನೊಂದು 8 ಸ್ಟೋರೇಜಿನಿಂದ ಸಾಲ ತಂದದ್ದು. ಸ್ಟೋರೇಜ್ ಎದುರು 'ಇಎಂಎಂಸಿ' (ನಿಧಾನದ ಹಳೇ ಬಗೆ) ಅಂತ ಇದ್ದರೆ ಫೋನು ಒಂದು ವರ್ಷದಲ್ಲಿ ಎಳೆಯಲು ಶುರುಮಾಡುತ್ತದೆ. ವೇಗದ ಬಗೆಯಾದ 'ಯುಎಫ್ಎಸ್' ಇರಲಿ.

ಕ್ಯಾಮೆರಾದ ಮೆಗಾಪಿಕ್ಸೆಲ್ ಮೇಲೆ ಕಣ್ಣು ಹಾಯಿಸಿ ಬಿಡಿ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಮಾಮೂಲಾಗಿ ನಾಲ್ಕು ಚುಕ್ಕಿಯನ್ನು ಒಂದು ಮಾಡಿ ಹನ್ನೆರಡೂವರೆಯ ಫೋಟೋ ಕೊಡುತ್ತದೆ. 'ಓಐಎಸ್' ಇದೆಯಾ ನೋಡಿ, ಕೈ ನಡುಗಿದರೂ ಚಿತ್ರ ಅದುರದ ವ್ಯವಸ್ಥೆ ಅದು. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯುವುದಕ್ಕೆ) ಸುಮ್ನೆ ಲೆಕ್ಕಕ್ಕೆ.

ಐಪಿ68 ಅಂದರೆ ನೀರಿಗೆ ತಡೆ ಇದೆ ಅಂತ, ನೀರು ಹೋದರೆ ರಿಪೇರಿ ಮಾಡಿಕೊಡುತ್ತಾರೆ ಅಂತಲ್ಲ. ಸಾಮಾನ್ಯ ವಾರಂಟಿಯಲ್ಲಿ ನೀರಿನ ಹಾನಿ ಸೇರಿರುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಪ್ಲಾಸ್ಟಿಕ್ ಕವರಿಗೆ ನಿವೃತ್ತಿ ಇಲ್ಲ.

ಹಂತ 7: ಅಂಗಡಿಯಲ್ಲಿ ಇಪ್ಪತ್ತು ನಿಮಿಷ

ಆನ್‌ಲೈನಿನಲ್ಲಿ ಕೊಳ್ಳುವವರೂ ಇದನ್ನು ಬಿಡಬೇಡಿ.

1. ಡೆಮೊ ಫೋನನ್ನು ಅಂಗಡಿಯ ಬಾಗಿಲಿನವರೆಗೆ ತಂದು ಬಿಸಿಲಿನಲ್ಲಿ ಹಿಡಿಯಿರಿ. ಕೇಬಲ್ ಕಟ್ಟಿಹಾಕಿದ್ದರೆ ಬಿಚ್ಚಿಕೊಡಲು ಕೇಳಿ. ಒಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಸ್ಕ್ರೀನೂ ಚೆಂದ.

2. ಫೋಟೋ ತೆಗೆಯುವಾಗ ಬೊಂಬೆ, ಹೂವು ಬೇಡ. ಜೊತೆಗೆ ಬಂದವರನ್ನು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ಬೆಳಕು ಹಿಂದಿನಿಂದ ಬರಲಿ. ಮುಖ ಕಪ್ಪಾಯಿತಾ? ಮೈಬಣ್ಣ ಇದ್ದ ಹಾಗೇ ಬಂತಾ, ಸುಣ್ಣ ಬಳಿದ ಹಾಗೆ ಬಂತಾ? ಆಮೇಲೆ ಅವರು ಕೈ ಬೀಸುವಾಗ ಒಂದು ತೆಗೆಯಿರಿ.

3. ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿ. ನಾನು 'ಅರ್ಕಾವತಿ ಸ್ವಾತಂತ್ರ್ಯ' ಅಂತ ಹೊಡೆಯುತ್ತೇನೆ. ಸಾಲಿಗೆ ಅರ್ಥವಿಲ್ಲ, ಆದರೆ ಅರ್ಕಾವೊತ್ತು ಜಾಗದಲ್ಲಿ ಕೂತಿದೆಯಾ, ಒತ್ತಕ್ಷರದ ಬಾಲ ಕತ್ತರಿಸಿಹೋಗಿದೆಯಾ, ಎಲ್ಲ ಗೊತ್ತಾಗುತ್ತದೆ. ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಯೂ ನೋಡಿ. ಕೆಲವು ಫೋನುಗಳಲ್ಲಿ ಆಗ ಬಟನ್ನಿನ ಮೇಲಿನ ಕನ್ನಡ ಅರ್ಧ ಮುಚ್ಚಿಹೋಗುತ್ತದೆ.

4. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಮೇಲಿನ ಮೂಲೆ ಮುಟ್ಟುತ್ತದಾ ನೋಡಿ. ಬಸ್ಸಿನಲ್ಲಿ ಇನ್ನೊಂದು ಕೈ ಕಂಬಿ ಹಿಡಿದಿರುತ್ತದೆ.

5. ಸೆಟ್ಟಿಂಗ್ಸ್ ಒಳಗೆ ಅಬೌಟ್ ಫೋನ್ ತೆರೆದು ಸೆಕ್ಯುರಿಟಿ ಪ್ಯಾಚ್ (ಸುರಕ್ಷತೆಯ ಅಪ್‌ಡೇಟ್) ದಿನಾಂಕ ಓದಿ. ಡೆಮೊ ಫೋನು ಹಳೆಯದಿದ್ದರೆ ಅಪ್‌ಡೇಟ್ ಇದೆಯಾ ಅಂತ ಒತ್ತಿ ನೋಡಿ. ಹೊಸ ಮಾಡೆಲ್ಲಿನಲ್ಲೇ ಪ್ಯಾಚು ಆರು ತಿಂಗಳು ಹಿಂದಿದ್ದರೆ ಕಂಪನಿಯ ಮಾತು ಎಷ್ಟು ಗಟ್ಟಿ ಅಂತ ಗೊತ್ತಾಯ್ತಲ್ವಾ?

ಸೇಲ್ಸ್‌ನವರು ಪಾಪ ತಮ್ಮ ಟಾರ್ಗೆಟ್ ನೋಡುತ್ತಾರೆ. "ಸಾರ್, ಇದು ಸ್ಟಾಕಿಲ್ಲ, ಅದೇ ಥರದ್ದು ಇನ್ನೊಂದಿದೆ" ಅಂದ ತಕ್ಷಣ ಹಾಳೆ ಮಡಚಿ ಜೇಬಿಗಿಟ್ಟು ಹೊರಗೆ ಬನ್ನಿ. ಆ ಇನ್ನೊಂದು ನಿಮ್ಮ ಹಂತ 4 ದಾಟಿಲ್ಲ.

ಹಂತ 8: ಕೊಳ್ಳುವ ದಿನ

ಡಬ್ಬಿಯ ಸೀಲು ನಿಮ್ಮ ಎದುರು ಒಡೆಯಲಿ. ಆನ್‌ಲೈನ್ ಆಗಿದ್ದರೆ ಪಾರ್ಸೆಲ್ ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ಕತ್ತರಿಸದೆ ವಿಡಿಯೋ ಮಾಡಿ.

ಫೋನ್ ಆನ್ ಮಾಡಿ *#06# ಒತ್ತಿ. ಕಾಣುವ 15 ಅಂಕಿಯ ಐಎಂಇಐ ಸಂಖ್ಯೆ (ಆ ಫೋನಿನ ಗುರುತಿನ ಸಂಖ್ಯೆ) ಡಬ್ಬಿಯ ಮೇಲೆ, ಜಿಎಸ್‌ಟಿ ಬಿಲ್ಲಿನಲ್ಲಿ ಒಂದೇ ಇರಬೇಕು. ಆಮೇಲೆ ಕೆ, ವೈ, ಎಂ ಅನ್ನುವ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಆ 15 ಅಂಕಿ ಹೊಡೆದು 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಿನಲ್ಲೂ ನೋಡಬಹುದು. ಉತ್ತರದಲ್ಲಿ ಬ್ಲಾಕ್‌ಲಿಸ್ಟ್, ಡೂಪ್ಲಿಕೇಟ್, ಆಗಲೇ ಬಳಕೆಯಲ್ಲಿದೆ ಅಂತ ಬಂದರೆ ಕೊಳ್ಳಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಈ ಎಸ್ಸೆಮ್ಮೆಸ್ ಇಲ್ಲದೆ ವ್ಯವಹಾರವೇ ಬೇಡ. ಜೊತೆಗೆ, ಮಾರುವವರ ಎದುರೇ ಅವರ ಖಾತೆ ತೆಗೆಸಿ, ಫೋನ್ ರೀಸೆಟ್ ಮಾಡಿಸಿ, ಅದು ಹಳೇ ಪಾಸ್‌ವರ್ಡ್ ಕೇಳದೆ ಶುರುವಾಗುತ್ತದಾ ನೋಡಿ. ಕೇಳಿದರೆ ಆ ಫೋನ್ ಲಾಕ್ ಆಗಿದೆ. "ನಮ್ಮ ಹುಡುಗ ನಾಳೆ ತೆಗೆದುಕೊಡ್ತಾನೆ" ಅನ್ನುವ ಮಾತು ನಂಬಬೇಡಿ. ಐಫೋನಿನಲ್ಲಿ ಅಬೌಟ್ ಪುಟದಲ್ಲೇ ಬದಲಿಸಿದ ಭಾಗಗಳ ವಿವರ ಬರುತ್ತದೆ. ಡಿಸ್‌ಪ್ಲೇ, ಬ್ಯಾಟರಿ ಎದುರು 'ಅನ್‌ನೋನ್ ಪಾರ್ಟ್' ಇದ್ದರೆ ಅಸಲಿ ಅಂತ ನಂಬಲು ಆಧಾರವಿಲ್ಲ. ಬೆಲೆ ಇಳಿಸಿ ಕೇಳಿ, ಇಲ್ಲ ಬಿಡಿ.

ಹಂತ 9: ಹಳೆಯದರಿಂದ ಹೊಸದಕ್ಕೆ

ಜಾಸ್ತಿ ಜನ ಕಳೆದುಕೊಳ್ಳುವುದು ಇಲ್ಲೇ, ಅದೂ ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರು.

ಗೂಗಲ್ ಡ್ರೈವಿನಲ್ಲಿರುವ ವಾಟ್ಸಾಪ್ ಬ್ಯಾಕಪ್ ಐಫೋನಿಗೆ ಇಳಿಯುವುದಿಲ್ಲ. ಇದನ್ನು ತಿಳಿಯದೆ ಐಫೋನ್ ಸೆಟಪ್ ಮುಗಿಸಿ, ವಾಟ್ಸಾಪ್ ಹಾಕಿ, ನಂಬರ್ ಕೊಟ್ಟು, ಖಾಲಿ ಪರದೆ ನೋಡುತ್ತಾ ಕೂರುತ್ತಾರೆ. ದಾರಿ ಇದು: ಐಫೋನ್ ಹೊಚ್ಚ ಹೊಸದಾಗಿರಬೇಕು ಅಥವಾ ರೀಸೆಟ್ ಆಗಿರಬೇಕು. ಹಳೇ ಫೋನಿನಲ್ಲಿ 'ಮೂವ್ ಟು ಐಒಎಸ್' ಆ್ಯಪ್ ಹಾಕಿ. ಎರಡಕ್ಕೂ ಚಾರ್ಜರ್ ಚುಚ್ಚಿ, ಒಂದೇ ವೈಫೈಗೆ ಸೇರಿಸಿ. ಐಫೋನ್ ಸೆಟಪ್ ನಡುವೆ ಆಂಡ್ರಾಯ್ಡ್‌ನಿಂದ ತರುವ ಆಯ್ಕೆ ಬರುತ್ತದೆ. ಅಲ್ಲಿ ವಾಟ್ಸಾಪ್ ಟಿಕ್ ಮಾಡಿ. ಮುಗಿದ ಮೇಲೆ ಐಫೋನಿನಲ್ಲಿ ಅದೇ ನಂಬರಿನಿಂದ ವಾಟ್ಸಾಪ್ ತೆರೆಯಿರಿ. ಈ ಕೆಲಸ ನಡೆಯುವಾಗ ಹಳೇ ಫೋನಿನ ಪರದೆ ಬಿಟ್ಟು ಬೇರೆ ಆ್ಯಪಿಗೆ ಹೋಗಬೇಡಿ. ಒಂದು ಫೋನ್ ಕಾಲ್ ಬಂದರೂ ನಿಂತುಹೋಗಬಹುದು.

ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡಿಗೆ ಸಲೀಸು. ಆದರೆ ವಾಟ್ಸಾಪ್ ಬ್ಯಾಕಪ್ ಈಗ ಗೂಗಲ್‌ನ ಪುಕ್ಕಟೆ 15 ಜಿಬಿಯೊಳಗೇ ಎಣಿಕೆಯಾಗುತ್ತದೆ. ಜಾಗ ತುಂಬಿದ್ದರೆ ಬ್ಯಾಕಪ್ ತಿಂಗಳ ಹಿಂದೆಯೇ ನಿಂತಿರುತ್ತದೆ. ಕೊನೆಯ ಬ್ಯಾಕಪ್ ದಿನಾಂಕ ಇವತ್ತಿನದಾ ನೋಡಿಯೇ ಮುಂದೆ ಹೋಗಿ. ಆಪಲ್‌ನ ಐಕ್ಲೌಡಿನಲ್ಲಿ ಪುಕ್ಕಟೆ ಬರೀ 5 ಜಿಬಿ.

ಸಿಮ್ ವಿಷಯ. ಹಳೇ ಸಿಮ್ಮನ್ನೇ ಹೊಸ ಫೋನಿಗೆ ಹಾಕಿದರೆ ತೊಂದರೆ ಇಲ್ಲ. ಸಿಮ್ ಕಾರ್ಡೇ ಬದಲಾದರೆ, ಉದಾಹರಣೆಗೆ ಇ-ಸಿಮ್ ಮಾಡಿಸಿದರೆ, ಮೋಸ ತಡೆಯಲು ಸುಮಾರು 24 ಗಂಟೆ ಎಸ್ಸೆಮ್ಮೆಸ್ ನಿಲ್ಲಿಸುತ್ತಾರೆ. ಅಂದರೆ ಒಟಿಪಿ ಇಲ್ಲ, ಯುಪಿಐ ನೋಂದಣಿ ಇಲ್ಲ. ಸ್ಕೂಲ್ ಫೀಸು ಕಟ್ಟುವ ದಿನ, ಊರಿಗೆ ಹೊರಡುವ ದಿನ ಇದಕ್ಕೆ ಕೈಹಾಕಬೇಡಿ. ಸಿಮ್ ಕೂತ ಮೇಲೆ ಯುಪಿಐ ಆ್ಯಪ್ ಆ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇಲ್ಲದಿದ್ದರೆ ಅದು "ಪ್ರಯತ್ನ ವಿಫಲ" ಅನ್ನುತ್ತಲೇ ಇರುತ್ತದೆ, ಕಾರಣ ಹೇಳುವುದಿಲ್ಲ. ಹತ್ತು ರೂಪಾಯಿ ಬ್ಯಾಲೆನ್ಸ್ ಇಟ್ಟಿರಿ.

ಹೊಸ ಫೋನಿಗೆ ಆ್ಯಪ್ ಹಾಕುವಾಗ ಸ್ಟೋರ್ ಬಿಟ್ಟು ಬೇರೆ ಎಲ್ಲಿಂದಲೂ ಹಾಕಬೇಡಿ. ವಾಟ್ಸಾಪಿಗೆ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಅಂತ 'ಎಪಿಕೆ' ಫೈಲು (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲು) ಬರುತ್ತದೆ. ಒತ್ತಿದರೆ ಒಟಿಪಿ ಕದಿಯುವ ಆ್ಯಪ್ ಒಳಗೆ ಕೂರುತ್ತದೆ. ಅಂಥ ಫೈಲು ಹಾಕಲು ಆಂಡ್ರಾಯ್ಡ್ ಕೇಳುವ ಅನುಮತಿಗೆ ಬೇಡ ಅನ್ನುವುದನ್ನು ಮನೆಯ ಹಿರಿಯರಿಗೂ ಹೇಳಿಕೊಡಿ.

ಹಂತ 10: ಮೊದಲ ಏಳು ದಿನ

ಬದಲಿ ಕೊಡುವ ಅವಧಿ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಬಿಲ್ಲಿನ ಹಿಂದೆ ಓದಿ ನೋಡಿ.

ಮೊದಲ ಒಂದೆರಡು ದಿನ ಫೋನು ಬೆಚ್ಚಗಾಗುವುದು, ಚಾರ್ಜ್ ಬೇಗ ಇಳಿಯುವುದು ಮಾಮೂಲು. ಆ್ಯಪ್‌ಗಳು ಇಳಿಯುತ್ತಿರುತ್ತವೆ, ಫೋಟೋ ಜೋಡಿಸಿಕೊಳ್ಳುತ್ತಿರುತ್ತದೆ. ನಾಲ್ಕನೇ ದಿನವೂ ಸುಮ್ನೆ ಜೇಬಿನಲ್ಲಿದ್ದಾಗ ಬಿಸಿಯಾದರೆ ವಾಪಸ್ ತಗೊಂಡು ಹೋಗಿ. ಪರದೆಯ ಮೇಲೆ ಕೂದಲೆಳೆಯಷ್ಟು ಹಸಿರು ಗೆರೆ ಕಂಡರೆ, ಕಿವಿಗೆ ಇಟ್ಟುಕೊಂಡಾಗ ಪರದೆ ಆರದೆ ಕೆನ್ನೆ ತಾಗಿ ಕಾಲ್ ಕಟ್ಟಾದರೆ, ಎರಡನೇ ಸಿಮ್ ಆಗಾಗ ಕಾಣೆಯಾದರೆ "ಅಪ್‌ಡೇಟ್ ಬಂದ್ರೆ ಸರಿಹೋಗುತ್ತೆ ಸಾರ್" ಅನ್ನುವುದನ್ನು ಒಪ್ಪಬೇಡಿ. ಏಳು ದಿನ ದಾಟಿಸುವ ಮಾತದು. ಈ ಏಳು ದಿನದೊಳಗೆ ಒಮ್ಮೆ ಊರಿಗೂ ಹೋಗಿಬನ್ನಿ. ಆಗದಿದ್ದರೆ ಊರಿಗೆ ಹೋಗುವವರ ಕೈಲಿ ಕೊಟ್ಟು ಕಳಿಸಿ, ಜಗಲಿಯಿಂದ ಒಂದು ಕಾಲ್ ಮಾಡಿಸಿ.

ಹಳೇ ಫೋನನ್ನು ಹತ್ತು ದಿನ ಹಾಗೇ ಇಡಿ. ಬ್ಯಾಂಕ್ ಆ್ಯಪು, ಒಟಿಪಿ ತೋರಿಸುವ ಆಥೆಂಟಿಕೇಟರು, ಮಕ್ಕಳ ಫೋಟೋ ಎಲ್ಲ ಹೊಸದರಲ್ಲಿ ತೆರೆಯುತ್ತಿವೆ ಅಂತ ಖಾತ್ರಿಯಾದ ಮೇಲೆ ಮೊದಲು ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬನ್ನಿ, ಆಮೇಲೆ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಎಕ್ಸ್‌ಚೇಂಜಿಗೆ ಬಂದ ಹುಡುಗ ಫೋನ್ ಲಾಕ್ ಇದೆ ಅಂತ ಬಾಗಿಲಿನಿಂದಲೇ ವಾಪಸ್ ಹೋಗುತ್ತಾನೆ. ಕೊಡುವ ಮುಂಚೆ ಪಿನ್ನು ಚುಚ್ಚಿ ಸಿಮ್ ಟ್ರೇ ಹೊರಗೆಳೆದು ನೋಡಿ. ಮೆಮೊರಿ ಕಾರ್ಡು ಅದರೊಳಗೇ ಕೂತಿರುತ್ತದೆ.